ಕೀರಲು ದನಿಯ ಆವ್ರೊ

ಪಡುಬಿದ್ರಿಯಲ್ಲಿ ಹೆದ್ದಾರಿ ಬಿಟ್ಟು ಕಾರ್ಕಳದ ಕಡೆಗೆ ತಿರುಗಿದರೆ ಸ್ವಲ್ಪ ಹೊತ್ತಿಗೆಲ್ಲ ನಂದಿಕೂರು. ದುರ್ಗಾಪರಮೇಶ್ವರಿ ದೇವಸ್ಥಾನ, ಕೊಂಕಣ ರೈಲಿನ ಸಣ್ಣ ನಿಲ್ದಾಣ, ತೆಂಗು ಕಂಗುಗಳ ನಡುವೆ ಹಂಚಿನ ಮಾಡುಗಳು, ಮಳೆ ಬಿದ್ದರೆ ಹಸಿರಾಗುವ ಬೈಲುಗದ್ದೆ. ಈಗ ಇಲ್ಲಿ ಯಾವ ಅಂಗಳದಲ್ಲಿ ನಿಂತು ತಲೆ ಎತ್ತಿದರೂ ಮೊದಲು ಕಾಣುವುದು ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಚಿಮಣಿ. ಇರುಳಾದರೆ ವಿಮಾನಗಳಿಗೆ ಎಚ್ಚರಿಕೆ ಕೊಡುವ ಕೆಂಪು ದೀಪಗಳು ಅದರ ಮೈಮೇಲೆ ಮಿನುಗುತ್ತವೆ. ಚಿಮಣಿ ಬರುವ ಮೊದಲು ಈ ಆಕಾಶಕ್ಕೆ ಅಡ್ಡವೇ ಇರಲಿಲ್ಲ. ಪಡುವಣದಲ್ಲಿ ಕಡಲಿನ ಅಂಚು, ಮೂಡಣದಲ್ಲಿ ಘಟ್ಟದ ನೀಲಿ ಗೆರೆ. ಆ ಎರಡರ ನಡುವೆ ತೆಂಕು ದಿಕ್ಕಿಗೆ, ಬಜಪೆಯ ಕಡೆಗೆ, ವಿಮಾನವೊಂದು ಇಳಿಯುತ್ತ ಹೋಗುವುದನ್ನು ನೋಡುತ್ತ ಬೆಳೆದವರು ನಾವು.

ಕಾಣುವುದಕ್ಕಿಂತ ಮೊದಲು ಅದು ಕೇಳುತ್ತಿತ್ತು. ಮುಂಗಾರಿಗೆ ಮುಂಚೆ ಗುಡ್ಡದ ಮರಗಳಲ್ಲಿ ಜೀರುಂಡೆಗಳೆಲ್ಲ ಒಟ್ಟಿಗೆ ಕಿರುಚುತ್ತವಲ್ಲ, ಅಂಥದೇ ದನಿ. ಕೀರಲು, ತೆಳು, ಕಿವಿಯ ಒಳಗೆ ಹೊಕ್ಕು ಕೂರುವಂಥದ್ದು. ಕೇಳಿದ್ದೇ ಮಕ್ಕಳೆಲ್ಲ ಅಂಗಳಕ್ಕೆ ಓಡಿ ಬರುತ್ತಿದ್ದೆವು. ತೆಂಗಿನ ಗರಿಗಳ ಸಂದಿಯಿಂದ ಬೆಳ್ಳಗಿನ ಮೈ ಹೊರಬರುತ್ತಿತ್ತು: ಮೊಂಡು ಮೂಗು, ಹೊಟ್ಟೆಯ ಕೆಳಗಿನಿಂದ ಹೊರಟು ತುದಿಯಲ್ಲಿ ಸ್ವಲ್ಪ ಮೇಲೆದ್ದ ನೀಳ ರೆಕ್ಕೆಗಳು, ರೆಕ್ಕೆಯ ಮೇಲೆ ಕೂರಿಸಿದ ಎರಡು ಉದ್ದನೆಯ ಎಂಜಿನ್ ಗೂಡುಗಳು, ಎರಡು ಪಂಖ. ಅದು ಆವ್ರೊ.

ನಮ್ಮ ಪಾಲಿಗೆ ಅದು ಇಂಡಿಯನ್ ಏರ್‌ಲೈನ್ಸ್‌ನ ವಿಮಾನ. ಅದೇ ವಿಮಾನ ಬೇರೆ ಬಣ್ಣದಲ್ಲಿ ಸೈನ್ಯದ ಕೆಲಸಕ್ಕೂ ಹೋಗುತ್ತದೆ ಎಂದು ತಿಳಿಸಿದವರು ನಮ್ಮ ನೆರೆಮನೆಯ ಮಾವ. ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು ಅವರು. ರಜೆಗೆ ಬಂದಾಗ ಚಾವಡಿಯಲ್ಲಿ ಕೂತು ವೀಳ್ಯ ಹಾಕುತ್ತ ಆ ಎಂಜಿನ್ನಿನ ಕತೆ ಹೇಳುತ್ತಿದ್ದರು. 'ಡಾರ್ಟ್ ಅಂತ ಹೆಸರು ಮಗಾ. ಮಾತು ಜೋರು, ಮನಸ್ಸು ಒಳ್ಳೆಯದು' ಎನ್ನುತ್ತಿದ್ದರು. ರೋಲ್ಸ್ ರಾಯ್ಸ್‌ನ ಆ ಡಾರ್ಟ್ ಎಂಜಿನ್ ನಲವತ್ತರ ದಶಕದ ವಿನ್ಯಾಸ. ಗಾಳಿಯನ್ನು ಒತ್ತಿ ಒಳಕ್ಕೆ ತಳ್ಳುವ ಅದರ ಚಕ್ರಗಳು ಅತಿವೇಗದಲ್ಲಿ ತಿರುಗುವುದರಿಂದಲೇ ಆ ಕೀರಲು. ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿ ಪರವಾನಗಿ ಪಡೆದು ತಯಾರಿಸಿದ ಎಂಜಿನ್‌ಗಳಲ್ಲಿ ಡಾರ್ಟ್ ಕೂಡ ಒಂದು. ನಂದಿಕೂರಿನ ಮಕ್ಕಳು ಕಿವಿ ಮುಚ್ಚಿಕೊಂಡು ನಗುತ್ತಿದ್ದ ಆ ದನಿಯ ಹಿಂದೆ ಕನ್ನಡ ನಾಡಿನ ಕೆಲಸಗಾರರ ಕೈಯೂ ಇತ್ತು.

ಬಿಸಿಲು ಏರಿದರೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿನ ಬಲ ಕುಗ್ಗುತ್ತದೆ. ಭಾರ ಹೊತ್ತು ಏಳಬೇಕಾದರೆ ಆಗ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಸಿಡಿಸುತ್ತಾರೆ. ಮಾವ ಇದನ್ನು ಹೇಳುವಾಗ ಕೈಯೆತ್ತಿ, ನಡುಗುವ ರೆಕ್ಕೆಯನ್ನು ತೋರಿಸಿ, ಚಕ್ರ ನೆಲ ಬಿಟ್ಟ ಗಳಿಗೆಯಲ್ಲಿ ಅಂಗೈಯನ್ನು ಮೆಲ್ಲಗೆ ಮೇಲಕ್ಕೆ ಒಯ್ಯುತ್ತಿದ್ದರು. ರಜೆ ಸಿಕ್ಕಾಗ ವಾಯುಪಡೆಯ ಕೊರಿಯರ್ ವಿಮಾನದಲ್ಲಿ ಜಾಗ ದೊರೆತರೆ ಅವರಿಗೆ ಹಬ್ಬ. ಗೋಡೆಯುದ್ದಕ್ಕೂ ಕಟ್ಟಿದ ಕ್ಯಾನ್ವಾಸ್ ಸೀಟು, ಕಾಲಬುಡದಲ್ಲಿ ಪೆಟ್ಟಿಗೆಗಳು, ಎದುರು ಸಾಲಿನಲ್ಲಿ ತಲೆ ವಾಲಿಸಿ ನಿದ್ದೆ ಹೋದ ಜವಾನರು, ಸೀಮೆಎಣ್ಣೆಯ ವಾಸನೆ. ಯಲಹಂಕದಲ್ಲಿ ಇಳಿದು, ರಾತ್ರಿ ಬಸ್ಸು ಹಿಡಿದು, ಆಗುಂಬೆ ಘಾಟಿ ಇಳಿದು, ಕಾರ್ಕಳ, ಬೆಳ್ಮಣ್ ದಾಟಿ ಬೆಳಗಿನ ಹೊತ್ತಿಗೆ ನಂದಿಕೂರು. ಬಸ್ಸಿನಿಂದ ಇಳಿದ ಮೇಲೂ ಕಿವಿಯಲ್ಲಿ ಡಾರ್ಟ್ ಕೂಗುತ್ತಿರುತ್ತದೆ ಎನ್ನುತ್ತಿದ್ದರು. ಟ್ರಂಕಿನ ಒಳಗೆ ನಮಗಾಗಿ ಕ್ಯಾಂಟೀನಿನ ಬಿಸ್ಕತ್ತು ಇರುತ್ತಿತ್ತು.

ಈ ವಿಮಾನಕ್ಕೆ ಭಾರತದಲ್ಲಿ ಒಂದು ಹುಟ್ಟೂರಿದೆ: ಕಾನ್ಪುರ. ಮೂಲ ವಿನ್ಯಾಸ ಇಂಗ್ಲೆಂಡಿನದು. 1960ರ ಜೂನ್ 24ರಂದು ಅದು ಅಲ್ಲಿ ಮೊದಲ ಬಾರಿ ಹಾರಿತು. ಇತ್ತ ನಮ್ಮ ವಾಯುಪಡೆಯಲ್ಲಿ ಮುದಿಯಾಗುತ್ತಿದ್ದ ಡಕೋಟಾ ಸಾಗಣೆ ವಿಮಾನದ ಜಾಗಕ್ಕೆ ಇನ್ನೊಂದು ಬೇಕಿತ್ತು. ಗಿಡ್ಡ ಓಡುದಾರಿ, ಒರಟು ನೆಲ, ಧೂಳು, ಮಳೆ ಯಾವುದಕ್ಕೂ ಹೆದರದ ವಿಮಾನ. ರಕ್ಷಣಾ ಸಚಿವ ಕೃಷ್ಣ ಮೆನನ್ ಅದನ್ನು ಇಲ್ಲೇ ಕಟ್ಟಬೇಕೆಂದು ಹಟ ಹಿಡಿದರು. ಕಟ್ಟಿ ತೋರಿಸಿದವರು ಹರ್ಜಿಂದರ್ ಸಿಂಗ್. ವಾಯುಪಡೆಯ ಮೊದಲ ತಂಡದ ಸಾಮಾನ್ಯ ಏರ್‌ಮನ್ ಆಗಿ ಸೇರಿ ಏರ್ ವೈಸ್ ಮಾರ್ಷಲ್ ಹುದ್ದೆಗೆ ಏರಿದ ಮನುಷ್ಯ. ಕಾನ್ಪುರದ ಹ್ಯಾಂಗರ್‌ಗಳಲ್ಲಿ ಅವರ ಜನ ಬಿಡಿಭಾಗಗಳನ್ನು ಜೋಡಿಸಿ 1961ರ ನವೆಂಬರ್ 1ರಂದು ಮೊದಲ ವಿಮಾನವನ್ನು ಆಕಾಶಕ್ಕೆ ಬಿಟ್ಟರು. ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರತೋ ಮುಖರ್ಜಿ ಅದಕ್ಕೆ ಒಂದು ವರ್ಷ ಮೊದಲು ಟೋಕಿಯೊದಲ್ಲಿ ತೀರಿಕೊಂಡಿದ್ದರು. ಅವರ ನೆನಪಿಗೆ ಆ ವಿಮಾನಕ್ಕೆ 'ಸುಬ್ರತೋ' ಎಂದೇ ಹೆಸರಿಟ್ಟರು. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷ. ದೇಶ ತನ್ನ ನೆಲದಲ್ಲಿ ಜೋಡಿಸಿದ ಮೊದಲ ಸಾಗಣೆ ವಿಮಾನ ಅದು. ಮುಂದೆ ಕಾನ್ಪುರದ ಆ ಕಾರ್ಖಾನೆ ಎಚ್‌ಎಎಲ್‌ಗೆ ಸೇರಿತು. ಒಟ್ಟು 89 ಆವ್ರೊಗಳು ಅಲ್ಲಿಂದ ಹೊರಬಂದವು: 72 ವಾಯುಪಡೆಗೆ, 17 ಇಂಡಿಯನ್ ಏರ್‌ಲೈನ್ಸ್‌ಗೆ.

ಆ ಹದಿನೇಳರ ಪೈಕಿ ಕೆಲವು ನಮ್ಮ ತಲೆಯ ಮೇಲೆ ಹಾದುಹೋದವು. ಬಜಪೆಯ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು, ಜವಾಹರಲಾಲ್ ನೆಹರೂ ಡಕೋಟಾದಲ್ಲಿ ಬಂದು ಇಳಿದಾಗ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಹಾಸಿದ 1,615 ಮೀಟರ್ ಓಡುದಾರಿ. ಎರಡೂ ತುದಿಯಲ್ಲಿ ಕಮರಿ. ದೊಡ್ಡ ವಿಮಾನಗಳಿಗೆ ಇಕ್ಕಟ್ಟಾಗುವ ಅಂಥ ಜಾಗಕ್ಕೆ ಆವ್ರೊ ಹೇಳಿ ಮಾಡಿಸಿದ ವಿಮಾನ. ಮುಂಬಯಿಯ ಹೋಟೆಲುಗಳಲ್ಲಿ ದುಡಿದು ದುಡ್ಡು ಕಂಡವರು ಮೊದಲ ಬಾರಿ ವಿಮಾನ ಹತ್ತಿದ ಕತೆಯನ್ನು ಊರಿನಲ್ಲಿ ವರ್ಷಗಟ್ಟಲೆ ಹೇಳುತ್ತಿದ್ದರು. ಅಂಡಾಕಾರದ ದೊಡ್ಡ ಕಿಟಕಿ, ಅದರಿಂದ ಕಂಡ ಕಡಲು, ಶಾಂಭವಿ ಹೊಳೆ ಸಮುದ್ರ ಸೇರುವ ಮುಲ್ಕಿಯ ಅಳಿವೆ, ಆಮೇಲೆ ಥಟ್ಟನೆ ಎದ್ದು ಬರುವ ಗುಡ್ಡ.

ಮಳೆಗಾಲದಲ್ಲಿ ಆ ಗುಡ್ಡ ಯಾರಿಗೂ ಸುಲಭವಾಗಿರಲಿಲ್ಲ. 1981ರ ಆಗಸ್ಟ್ 19ರಂದು ನೆನೆದ ಓಡುದಾರಿಯಲ್ಲಿ ಇಳಿದ ಇಂಡಿಯನ್ ಏರ್‌ಲೈನ್ಸ್‌ನ ಆವ್ರೊ ನಿಲ್ಲದೆ ಮುಂದಕ್ಕೆ ಜಾರಿ, ದಾರಿಯ ಅಂಚು ದಾಟಿ ನಿಂತಿತು. ಒಳಗಿದ್ದವರಲ್ಲಿ ಕಾರ್ಕಳದ ಶಾಸಕರೂ ಆಗ ರಾಜ್ಯದ ಹಣಕಾಸು ಸಚಿವರೂ ಆಗಿದ್ದ ವೀರಪ್ಪ ಮೊಯಿಲಿ ಇದ್ದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ವಿಮಾನ ಮಾತ್ರ ಮತ್ತೆ ಹಾರಲಿಲ್ಲ. ತನ್ನೊಳಗಿದ್ದವರನ್ನೆಲ್ಲ ಜೀವಂತ ಇಳಿಸಿ ತಾನು ಅಲ್ಲೇ ಮುಗಿದ ಆ ವಿಮಾನವನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ.

ನಾಗರಿಕ ಆವ್ರೊಗಳು ಕ್ರಮೇಣ ಬೋಯಿಂಗ್‌ಗಳಿಗೆ ಜಾಗ ಬಿಟ್ಟುಕೊಟ್ಟವು. ಸಮವಸ್ತ್ರ ತೊಟ್ಟವು ದುಡಿಯುತ್ತಲೇ ಹೋದವು. ದೆಹಲಿಯ ಪಾಲಂನಲ್ಲಿ ಅವು ಗಣ್ಯರನ್ನು ಹೊತ್ತವು. ಗಡಿ ಭದ್ರತಾ ಪಡೆಯ ವಾಯುದಳದಲ್ಲೂ ಇದ್ದವು. ಯಲಹಂಕದಲ್ಲಿ ಸಾಗಣೆ ವಿಮಾನಗಳ ಪೈಲಟ್‌ಗಳಾಗಲು ಬಂದ ಹುಡುಗರು ಪಾಠ ಕಲಿತದ್ದು ಅವುಗಳಲ್ಲಿ. ಸಿಯಾಚಿನ್‌ಗೆ, ಲೇಹ್‌ಗೆ, ಈಶಾನ್ಯದ ಕಣಿವೆಗಳಿಗೆ ಮುಂದೆ ಬೇರೆ ಬೇರೆ ವಿಮಾನ ಹಾರಿಸಿದ ಎಷ್ಟೋ ಮಂದಿಯ ಕೈ ಪಳಗಿದ್ದು ಬೆಂಗಳೂರಿನ ಉತ್ತರ ದಿಕ್ಕಿನ ಆಕಾಶದಲ್ಲಿ. ಒಂದೇ ದಾರಿಯಲ್ಲಿ ಇಳಿದು, ನಿಲ್ಲದೆ ಮತ್ತೆ ಎದ್ದು, ಸುತ್ತು ಹಾಕಿ ಮತ್ತೆ ಇಳಿದು. 'ಅದಕ್ಕೆ ಅವಸರ ಅಂತ ಇಲ್ಲ ಮಾರಾಯ. ಹೇಳಿದ ಕೆಲಸ ಬಿಡುವುದೂ ಇಲ್ಲ' ಎಂದು ಮಾವ ಹೇಳಿದ್ದು ಈ ತರಬೇತಿ ಆವ್ರೊಗಳ ಬಗ್ಗೆಯೇ.

ಪ್ರೀತಿಯ ಜೊತೆ ನೋವೂ ಇದೆ. 1991ರ ಮಾರ್ಚ್ 25ರಂದು ಯಲಹಂಕದಲ್ಲಿ ವಾಯುಪಡೆಯ ಆವ್ರೊ ಬಿದ್ದು 28 ಮಂದಿ ಸತ್ತರು. ಮಾವನ ಬಾಯಲ್ಲಿ ಆ ದಿನದ ಮಾತು ಬರುತ್ತಿರಲಿಲ್ಲ. ಯಾರಾದರೂ ಕೇಳಿದರೆ ಎದ್ದು ತೋಟಕ್ಕೆ ಹೋಗುತ್ತಿದ್ದರು.

ಇನ್ನೊಂದು ಆವ್ರೊದ ಕತೆಯೂ ಬೆಂಗಳೂರಿನದೇ. ಡಿಆರ್‌ಡಿಒದ ವಿಜ್ಞಾನಿಗಳು ಎಂಬತ್ತರ ದಶಕದಲ್ಲಿ ಒಂದು ದೊಡ್ಡ ಕನಸು ಕಂಡರು. ವಿಮಾನದ ಬೆನ್ನಿನ ಮೇಲೆ ತಿರುಗುವ ರಾಡಾರ್ ತಟ್ಟೆ ಕೂರಿಸಿ, ದೂರದ ಶತ್ರು ವಿಮಾನಗಳನ್ನು ಆಕಾಶದಿಂದಲೇ ಪತ್ತೆಹಚ್ಚಬೇಕು. ಆ ತಟ್ಟೆಯನ್ನು ಹೊರಲು ಅವರು ಆರಿಸಿದ್ದು ಆವ್ರೊವನ್ನೇ. ಕೈಯಲ್ಲಿ ಇದ್ದ ವಿಮಾನ, ಒಳಹೊರಗೆಲ್ಲ ಗೊತ್ತಿದ್ದ ವಿಮಾನ. ತೊಂಬತ್ತರ ದಶಕದುದ್ದಕ್ಕೂ ಪರೀಕ್ಷೆಗಳು ನಡೆದವು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ಆ ವಿಮಾನ ಬಿತ್ತು. ನಾಲ್ವರು ವಿಜ್ಞಾನಿಗಳು, ವಾಯುಪಡೆಯ ನಾಲ್ವರು, ಒಟ್ಟು ಎಂಟು ಮಂದಿ ಪ್ರಾಣ ಬಿಟ್ಟರು. ಯೋಜನೆ ನಿಂತಿತು. ಅಲ್ಲಿ ಕಲಿತದ್ದು ಹಾಳಾಗಲಿಲ್ಲ. ಮುಂದೆ ಡಿಆರ್‌ಡಿಒದ ಬೆಂಗಳೂರು ಕೇಂದ್ರವೇ ಬೇರೊಂದು ವಿಮಾನದ ಮೇಲೆ 'ನೇತ್ರ' ಎಂಬ ರಾಡಾರ್ ವ್ಯವಸ್ಥೆಯನ್ನು ಕಟ್ಟಿ ವಾಯುಪಡೆಗೆ ಕೊಟ್ಟಿತು. ನೇತ್ರ ಹಾರುವಾಗಲೆಲ್ಲ ಆ ಎಂಟು ಜನರ ನೆನಪಾಗಬೇಕು ಎಂದು ನನಗೆ ಅನಿಸುತ್ತದೆ.

ಈಗ ಆವ್ರೊಗಳು ಸೇವೆಯಿಂದ ಇಳಿಯುತ್ತಿವೆ. ಅವುಗಳ ಜಾಗಕ್ಕೆ 56 ಸಿ-295 ವಿಮಾನಗಳನ್ನು ಕೊಳ್ಳುವ ಒಪ್ಪಂದ 2021ರ ಸೆಪ್ಟೆಂಬರ್‌ನಲ್ಲಿ ಆಯಿತು. ಮೊದಲ 16 ಸ್ಪೇನಿನಿಂದ ಹಾರಿ ಬರುವುದು, ಉಳಿದ 40 ವಡೋದರದಲ್ಲಿ ಟಾಟಾ ಕಾರ್ಖಾನೆಯಲ್ಲಿ ತಯಾರಾಗುವುದು ಎಂಬ ಲೆಕ್ಕ. ಹೊಸ ವಿಮಾನದ ಹಿಂಭಾಗ ಬಾಗಿಲಾಗಿ ಕೆಳಕ್ಕೆ ತೆರೆಯುತ್ತದೆ. ಜೀಪು ನೇರ ಒಳಗೆ ಹೋಗಬಹುದು, 71 ಸೈನಿಕರು ಕೂರಬಹುದು, ಪ್ಯಾರಾಚೂಟಿನವರು ಅಲ್ಲಿಂದಲೇ ನೆಗೆಯಬಹುದು. ಆವ್ರೊಗೆ ಆ ಅನುಕೂಲವಿರಲಿಲ್ಲ. ಅದರ ಸರಕು ಬಾಗಿಲು ಪಕ್ಕೆಯಲ್ಲಿತ್ತು, ರೆಕ್ಕೆ ಕೆಳಗಿತ್ತು. ಯುದ್ಧದ ಕೆಲಸಕ್ಕೆ ಅದು ಮೊದಲಿನಿಂದಲೂ ಪೂರ್ತಿ ಒಗ್ಗಿದ ಮೈಯಲ್ಲ. ಆರು ದಶಕ ದುಡಿದ ವಿಮಾನಕ್ಕೆ ವಿಶ್ರಾಂತಿ ಸಿಗುವುದು ನ್ಯಾಯವೇ. ಅದು ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಹೋದ ಮೇಲೆ ಎಲ್ಲಿಗೆ ಎಂಬುದೇ ನನ್ನ ಕಾಳಜಿ.

ಆವ್ರೊಗಿಂತ ಹಿರಿಯ ಡಕೋಟಾಕ್ಕೆ ಭಾಗ್ಯವಿತ್ತು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಮುಟ್ಟಿಸಿದ ವಿಮಾನದ ಸಂಖ್ಯೆ ವಿಪಿ 905. ಹಳೆಯ ಡಕೋಟಾ ಪೈಲಟ್ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಅವರ ಮಗ, ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್, ಗುಜರಿಗೆ ಬಿದ್ದಿದ್ದ ಡಕೋಟಾವೊಂದನ್ನು ಕೊಂಡು ಇಂಗ್ಲೆಂಡಿನಲ್ಲಿ ರಿಪೇರಿ ಮಾಡಿಸಿ, ಅದೇ ಸಂಖ್ಯೆ ಬರೆಸಿ, 2018ರಲ್ಲಿ ವಾಯುಪಡೆಗೆ ಕೊಟ್ಟರು. ಅದಕ್ಕಿಟ್ಟ ಹೆಸರು 'ಪರಶುರಾಮ'. ಪರಶುರಾಮ ಸೃಷ್ಟಿ ಎಂದೇ ತಮ್ಮ ನೆಲವನ್ನು ಕರೆದುಕೊಳ್ಳುವ ಕರಾವಳಿಯವರಿಗೆ ಆ ಹೆಸರು ಕೇಳಿ ಖುಷಿಯಾಗದೆ ಇರುತ್ತದೆಯೇ!

ಆವ್ರೊಗಾಗಿ ಅಷ್ಟು ದೊಡ್ಡ ಸಾಹಸ ಬೇಕಿಲ್ಲ. ಹಾರಿಸುವುದು ಬೇಡ, ನಿಲ್ಲಿಸಿದರೆ ಸಾಕು. ಮಾದರಿ ದೂರದಲ್ಲೂ ಇಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ 'ಚಪಲ್' ಯುದ್ಧನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. 2017ರಲ್ಲಿ ನೌಕಾಪಡೆಯಿಂದ ನಿವೃತ್ತವಾದ ಟುಪೊಲೆವ್ ವಿಮಾನವೊಂದನ್ನು ಅರಕ್ಕೋಣಂನಿಂದ ಬಿಡಿಬಿಡಿಯಾಗಿ ತಂದು ಅದೇ ತೀರದಲ್ಲಿ ಜೋಡಿಸಿದ್ದಾರೆ. ಉತ್ತರ ಕನ್ನಡಕ್ಕೆ ಸಾಧ್ಯವಾದದ್ದು ಉಡುಪಿಗೂ ಸಾಧ್ಯ. ಕಾಪುವಿನ ದೀಪಸ್ತಂಭ ನೋಡಲು, ಮಲ್ಪೆಯ ಕಡಲಿಗೆ ಇಳಿಯಲು ಜನ ಹೇಗೂ ಬರುತ್ತಾರೆ. ಮಣಿಪಾಲದಲ್ಲಿ ವಿಮಾನಶಾಸ್ತ್ರ ಓದುವ ಮಕ್ಕಳಿದ್ದಾರೆ. ಪುಸ್ತಕದ ಚಿತ್ರದಲ್ಲಿ ಕಂಡ ಡಾರ್ಟ್ ಎಂಜಿನ್ನಿನ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿ ನೋಡುವ ಅವಕಾಶ ಅವರಿಗೆ ಸಿಗಬೇಕು.

ಉಡುಪಿ ಜಿಲ್ಲಾಡಳಿತಕ್ಕೂ ನಮ್ಮ ಶಾಸಕರು, ಸಂಸದರಿಗೂ ನನ್ನ ಬೇಡಿಕೆ ಇಷ್ಟೇ: ಸೇವೆ ಮುಗಿಸಿದ ಒಂದು ಆವ್ರೊವನ್ನು ನಮ್ಮ ಜಿಲ್ಲೆಗೆ ಕೊಡಿ ಎಂದು ವಾಯುಪಡೆಗೆ ಈಗಲೇ ಬರೆಯಿರಿ. ವಿಮಾನಗಳು ಗುಜರಿಗೆ ಹೋಗುವ ಮೊದಲು ಬರೆಯಿರಿ. ಅದರ ಮೇಲೆ ದುಡಿದ ಫಿಟ್ಟರ್‌ಗಳು, ಪೈಲಟ್‌ಗಳು, ಸಿಗ್ನಲರ್‌ಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಮಕ್ಕಳಿಗೆ ಅದನ್ನು ತೋರಿಸಿ ವಿವರಿಸಲು ಅವರಿಗಿಂತ ಬಲ್ಲವರು ಬೇರೆ ಸಿಗಲಾರರು.