ರಾತ್ರಿಯ ನೀರಾವರಿಯ ಗಂಟೆಗಳ ಲೆಕ್ಕ

ಕೆರೆಯಿಂದಲೋ ಹಳ್ಳದಿಂದಲೋ ಬಾಡಿಗೆಯ ಎಂಜಿನ್ನಿನ ಮೂಲಕ ನೀರೆತ್ತಿಸುವ ಬೇಸಾಯಗಾರರು ಗಂಟೆಯ ಲೆಕ್ಕದಲ್ಲಿ ಹಣ ಕೊಡುವುದು ವಾಡಿಕೆಯಷ್ಟೆ. ಈ ಲೆಕ್ಕವನ್ನು ಎಕ್ಸೆಲ್ ಎಂಬ ಗಣಕಯಂತ್ರದ ಹಾಳೆಯಲ್ಲಿ ಇಡುವವರೂ ಈಗ ಉಂಟು. ಹಾಳೆಯು ಕೂಡಿಕೆಯಲ್ಲಿ ತಪ್ಪುವುದಿಲ್ಲವೆಂಬ ನಂಬಿಕೆಯು ನ್ಯಾಯವಾದದ್ದೇ. ಆದರೆ ಕಾಲವನ್ನು ಅದು ಎಣಿಸುವ ಕ್ರಮವನ್ನು ಅರಿಯದಿದ್ದರೆ ಎಂಜಿನ್ನಿನವನಿಗೂ ಜಮೀನಿನವನಿಗೂ ವ್ಯಾಜ್ಯಕ್ಕೆ ಎಡೆಯಾಗುವುದು.

ಈ ಹಾಳೆಗೆ ಒಂದು ಪೂರ್ಣ ದಿನವೆಂದರೆ ೧ ಎಂಬ ಸಂಖ್ಯೆ. ಆರು ಗಂಟೆಯೆಂದರೆ ಅದರ ಕಾಲು ಪಾಲು, ಅಂದರೆ ೦.೨೫. ಕಣ್ಣಿಗೆ ಕಾಣುವ ಗಂಟೆ ನಿಮಿಷಗಳು ಈ ಸಂಖ್ಯೆಗೆ ತೊಡಿಸಿದ ಉಡುಪು ಮಾತ್ರ. ಹಗಲಿನ ಕೆಲಸವಾದರೆ ಮುಗಿದ ವೇಳೆಯಲ್ಲಿ ಆರಂಭದ ವೇಳೆಯನ್ನು ಕಳೆದರೆ ಸಾಕು. ವೇಳೆಯನ್ನು ಬರೆಯುವಾಗ ಗಂಟೆಗೂ ನಿಮಿಷಕ್ಕೂ ನಡುವೆ ಎರಡು ಚುಕ್ಕಿಯ ಕೋಲನ್ ಗುರುತನ್ನೇ ಇಡತಕ್ಕದ್ದು. ಕೈಬರಹದ ರೂಢಿಯಂತೆ ಒಂದೇ ಚುಕ್ಕಿಯಿಟ್ಟು ೭.೩೦ ಎಂದು ಬರೆದರೆ ಹಾಳೆಯು ಅದನ್ನು ಏಳು ದಿನಕ್ಕೂ ಮಿಕ್ಕ ಕಾಲವೆಂದು ಎಣಿಸುವುದು.

ತೊಡಕು ಹುಟ್ಟುವುದು ರಾತ್ರಿಯಲ್ಲಿ. ರಾತ್ರಿ ಹತ್ತು ಗಂಟೆಗೆ, ಅಂದರೆ ೨೨:೦೦ಕ್ಕೆ, ಹೊರಟ ಎಂಜಿನ್ನು ಬೆಳಗಿನ ೫:೩೦ಕ್ಕೆ ನಿಂತರೆ ಕೆಲಸ ನಡೆದದ್ದು ಏಳೂವರೆ ಗಂಟೆ. ಹಾಳೆಯಾದರೋ ಐದೂವರೆಯಲ್ಲಿ ಇಪ್ಪತ್ತೆರಡನ್ನು ಕಳೆಯಹೋಗಿ, ಸೊನ್ನೆಗಿಂತ ಕಡಮೆಯಾದ ಉತ್ತರವನ್ನು ವೇಳೆಯ ರೂಪದಲ್ಲಿ ತೋರಿಸಲಾರದೆ, ಸೆಲ್ ಎಂಬ ಆ ಮನೆಯ ತುಂಬ ಮುಳ್ಳುಬೇಲಿಯಂತಹ ಗುರುತುಗಳನ್ನು ಹಾಕಿಬಿಡುವುದು. ಹಿಂದಿನವರ ದಿನವು ಸೂರ್ಯೋದಯದಿಂದ ಸೂರ್ಯೋದಯದವರೆಗೆ ಇದ್ದುದರಿಂದ, ಜಾವದ ಲೆಕ್ಕದಲ್ಲಿ ನೀರು ಹಾಯಿಸಿದವರಿಗೆ ನಡುರಾತ್ರಿಯ ಈ ಗಡಿಯ ಕಾಟವಿರಲಿಲ್ಲ. ಪರಿಹಾರವಾಗಿ ಎಂ, ಓ, ಡಿ ಎಂಬ ಮೂರಕ್ಷರದ ಸೂತ್ರವುಂಟು. ಆರಂಭವು ಎ೨ ಮನೆಯಲ್ಲಿಯೂ ಮುಕ್ತಾಯವು ಬಿ೨ ಮನೆಯಲ್ಲಿಯೂ ಇದ್ದರೆ, =ಎಂಓಡಿ(ಬಿ೨-ಎ೨,೧) ಎಂಬುದನ್ನು ಇಂಗ್ಲಿಷ್ ಲಿಪಿಯಲ್ಲಿಯೂ ಅಂಕಿಗಳಲ್ಲಿಯೂ ಬರೆಯಲು ಸರಿಯಾದ ೭:೩೦ ದೊರೆಯುವುದು. ಎಂಜಿನ್ನು ಇಪ್ಪತ್ತನಾಲ್ಕು ಗಂಟೆ ಅಥವಾ ಅದಕ್ಕೂ ಹೆಚ್ಚಾಗಿ ಒಂದೇ ಸಮನೆ ನಡೆದಿದ್ದರೆ ಈ ಸೂತ್ರವು ಸಲ್ಲದು. ಆಗ ಎರಡು ಮನೆಗಳಲ್ಲಿಯೂ ತಾರೀಖನ್ನು ಸೇರಿಸಿ ಬರೆದು ನೇರವಾಗಿ ಕಳೆಯಬೇಕು.

ಹೆಚ್ಚಿನ ನಷ್ಟವಾಗುವುದು ಒಟ್ಟು ಮೊತ್ತದಲ್ಲಿ. ಇಂತಹ ನಾಲ್ಕು ರಾತ್ರಿಗಳನ್ನು ಕೂಡಿದರೆ ೩೦ ಗಂಟೆಯಾಗುವುದು. ಹಾಳೆಯು ಸಾಮಾನ್ಯ ರೂಪದಲ್ಲಿ ತೋರಿಸುವುದು ೬:೦೦ ಮಾತ್ರ; ತುಂಬಿದ ದಿನವೊಂದನ್ನು ಅದು ಮರೆಮಾಡುವುದು. ಗಂಟೆಗೆ ೨೦೦ ರೂಪಾಯಿ ದರವೆಂದು ಭಾವಿಸಿದರೆ ಎಂಜಿನ್ನಿನವನಿಗೆ ಸಲ್ಲಬೇಕಾದುದು ೬,೦೦೦ ರೂಪಾಯಿ, ಕಂಡ ಗಂಟೆಗಳ ಮೇಲೆ ಅವನ ಕೈಸೇರುವುದು ೧,೨೦೦. ಇದನ್ನು ತಪ್ಪಿಸಲು ಮೊತ್ತದ ಮನೆಯ ರೂಪವನ್ನು ಕಸ್ಟಮ್ ಎಂಬ ವಿಭಾಗದಲ್ಲಿ ಬದಲಿಸಿ, ಚೌಕ ಕಂಸದೊಳಗೆ ಎಚ್ ಅಕ್ಷರ, ಅದರ ಮುಂದೆ ಕೋಲನ್, ಬಳಿಕ ಎರಡು ಎಂ ಅಕ್ಷರಗಳನ್ನು ಬರೆಯತಕ್ಕದ್ದು. ಆಗ ೩೦:೦೦ ಎಂದು ಕಾಣುವುದು.

ಹೀಗೆ ಕಂಡ ಮಾತ್ರಕ್ಕೆ ಅದನ್ನು ನೇರವಾಗಿ ದರದಿಂದ ಗುಣಿಸಕೂಡದು. ಒಳಗಿರುವ ಸಂಖ್ಯೆಯು ೧.೨೫ ದಿನವಾದುದರಿಂದ ಬರುವುದು ೨೫೦ ರೂಪಾಯಿ ಮಾತ್ರ. ಮೊತ್ತವನ್ನು ಮೊದಲು ೨೪ರಿಂದ ಗುಣಿಸಿ ಗಂಟೆಯಾಗಿ ಮಾಡಿಕೊಂಡು, ಬಳಿಕ ದರದಿಂದ ಗುಣಿಸಿ, ಹಣದ ಮನೆಗೆ ಸಾಮಾನ್ಯ ಸಂಖ್ಯೆಯ ರೂಪವನ್ನು ಕೊಡಬೇಕು. ಆ ಮನೆಯು ವೇಳೆಯ ರೂಪದಲ್ಲಿಯೇ ಉಳಿದರೆ ಆರು ಸಾವಿರ ರೂಪಾಯಿಯೂ ೦:೦೦ ಎಂದೇ ತೋರುವುದು.