ಬೂದು, ಕೆಂಪು, ಕೆಂಪು

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದಾದರೂ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ‘8.2 ಕೆ ರೆಸಿಸ್ಟರ್ ಕೊಡಿ’ ಎಂದರೆ, ಅಕ್ಕಿಕಾಳಿಗಿಂತ ತುಸು ದಪ್ಪನೆಯ, ಎರಡೂ ತುದಿಗೆ ತಂತಿಯ ಮೀಸೆ ಇರುವ ಒಂದು ಪುಟಾಣಿಯನ್ನು ಕೈಗಿಡುತ್ತಾರೆ. ಮೈಮೇಲೆ ಬಣ್ಣದ ಪಟ್ಟಿಗಳು: ಬೂದು, ಕೆಂಪು, ಕೆಂಪು. ಬೂದು ಅಂದರೆ 8, ಕೆಂಪು ಅಂದರೆ 2. ಮೂರನೆಯ ಪಟ್ಟಿ, ಮುಂದೆ ಎಷ್ಟು ಸೊನ್ನೆ ಎಂದು ಹೇಳುತ್ತದೆ. ಒಟ್ಟು 8,200 ಓಮ್; ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. (ನಾಲ್ಕನೆಯದೊಂದು ಬಂಗಾರದ ಬಣ್ಣದ ಪಟ್ಟಿಯೂ ಇರುತ್ತದೆ, ಅದರ ಮಾತು ಈಗ ಬೇಡ.) ಒಂದು ಟೀ ಕುಡಿಯುವ ದುಡ್ಡಿಗೆ ಇಂಥವು ಹತ್ತಾದರೂ ಬರುತ್ತವೆ. ಗೋದಾಮಿನ ದೈತ್ಯ ಬಾಗಿಲು ಕೂಲಿಯವನ ಹೆಗಲನ್ನು ನಜ್ಜುಗುಜ್ಜು ಮಾಡದಂತೆ ತಡೆಯುವುದರಲ್ಲಿ ಈ ಕಾಳಿನ ಪಾಲು ಎಷ್ಟೆಂದು ತಿಳಿದಂದಿನಿಂದ ಇದರ ಬಗ್ಗೆ ನನಗೊಂದು ಗೌರವ.

ಮೋಟಾರಿನಿಂದ ಏರಿಳಿಯುವ ಆ ಬಾಗಿಲುಗಳನ್ನು ನೀವೂ ನೋಡಿರುತ್ತೀರಿ. ಲಾರಿ ಒಳಗೆ ಹೋಗುವಷ್ಟು ಎತ್ತರ, ನೂರಾರು ಕಿಲೋ ತೂಕ. ಕೆಳ ಅಂಚಿನ ಉದ್ದಕ್ಕೂ ಕಪ್ಪು ರಬ್ಬರಿನ ಪಟ್ಟಿ. ಮಳೆನೀರು, ಇಲಿ ಒಳಗೆ ಬಾರದಿರಲಿ ಎಂದು ಹೊಡೆದ ಬೀಡಿಂಗ್ ಇರಬೇಕು ಎಂದುಕೊಂಡಿದ್ದೆ. ಅಡ್ಡಲಾಗಿ ಕೊಯ್ದ ತುಂಡೊಂದನ್ನು ನೋಡಿದಾಗ ಗೊತ್ತಾಯಿತು, ಒಳಗೆ ಟೊಳ್ಳು. ಆ ಟೊಳ್ಳಿನ ಮೇಲುಗಡೆ ಒಂದು, ಕೆಳಗಡೆ ಒಂದು, ವಿದ್ಯುತ್ ಹರಿಯುವ ರಬ್ಬರಿನ ಪದರ. ಮಾಮೂಲಿ ರಬ್ಬರಿನಲ್ಲಿ ವಿದ್ಯುತ್ ಹರಿಯದು. ಇಂಗಾಲದ ಪುಡಿ ಬೆರೆಸಿದರೆ ಹರಿಯುತ್ತದೆ. ಎರಡು ಪದರಗಳ ನಡುವೆ ಒಂದಿಷ್ಟು ಗಾಳಿ. ಇಳಿಯುತ್ತಿರುವ ಬಾಗಿಲಿಗೆ ಯಾರದಾದರೂ ತಲೆಯೋ ತೋಳೋ ತಗುಲಿದರೆ ರಬ್ಬರು ಅಮುಕಿಕೊಂಡು ಪದರಗಳು ಒಂದಕ್ಕೊಂದು ಮುಟ್ಟುತ್ತವೆ. ಮೋಟಾರು ನಿಂತು, ಬಾಗಿಲು ಮೇಲಕ್ಕೆ ಮರಳುತ್ತದೆ. ಕೆಲಸದವರು ಇದನ್ನು ‘ಸೇಫ್ಟಿ ಎಡ್ಜ್’ ಅನ್ನುತ್ತಾರೆ.

ಇಷ್ಟೇ ಆಗಿದ್ದರೆ ಇದು ಉದ್ದನೆಯ ಕಾಲಿಂಗ್ ಬೆಲ್ ಅಷ್ಟೆ. ಕಾಲಿಂಗ್ ಬೆಲ್ಲಿನ ತೊಂದರೆ ನಿಮಗೆ ಗೊತ್ತು. ಬೆಲ್ ಸದ್ದು ಮಾಡಲಿಲ್ಲ ಎಂದರೆ ಯಾರೂ ಬಂದಿಲ್ಲ ಎಂದು ಅರ್ಥವೋ, ತಂತಿಯನ್ನು ಇಲಿ ಕಡಿದಿದೆ ಎಂದು ಅರ್ಥವೋ ಒಳಗೆ ಕೂತವರಿಗೆ ತಿಳಿಯುವುದಿಲ್ಲ. ಬಂದ ನೆಂಟರು ಬೆಲ್ ಒತ್ತಿ ಒತ್ತಿ, ಬೇಸತ್ತು ಹೊರಟುಹೋದರೆ ಹೋಗಲಿ. ಬಾಗಿಲಿನಡಿ ಸಿಕ್ಕಿಕೊಂಡವನು ಎಲ್ಲಿಗೆ ಹೋದಾನು?

ಇಲ್ಲಿ ನಮ್ಮ ಬೂದು-ಕೆಂಪು-ಕೆಂಪು ಬರುತ್ತದೆ. ಅದನ್ನು ರಬ್ಬರ್ ಪಟ್ಟಿಯ ಆ ಕಟ್ಟಕಡೆಯ ತುದಿಯಲ್ಲಿ, ಎರಡು ಪದರಗಳಿಗೂ ಸೇತುವೆಯಂತೆ ಕೂರಿಸುತ್ತಾರೆ. ಈ ತುದಿಯಿಂದ ಕಂಟ್ರೋಲ್ ಪ್ಯಾನೆಲ್ ಸದಾ ಒಂದು ಸಣ್ಣ ವಿದ್ಯುತ್ತನ್ನು ಹರಿಸುತ್ತಿರುತ್ತದೆ. ಅದು ಮೇಲಿನ ಪದರದಲ್ಲಿ ಹೋಗಿ, ರೆಸಿಸ್ಟರ್ ದಾಟಿ, ಕೆಳಗಿನ ಪದರದಲ್ಲಿ ವಾಪಸಾಗುತ್ತದೆ. 24 ವೋಲ್ಟ್ ಕೊಟ್ಟರೆ ಹರಿಯುವುದು ಸುಮಾರು 3 ಮಿಲಿಆಂಪಿಯರ್. ಪ್ಯಾನೆಲ್ ಕಾಯುವುದು ಇದೊಂದನ್ನೇ: 8,200 ಓಮ್ ಕಾಣುತ್ತಿದೆಯೇ? ರಬ್ಬರ್ ಅಮುಕಿದರೆ ವಿದ್ಯುತ್ತಿಗೆ ಅಡ್ಡದಾರಿ ಸಿಕ್ಕಿ ಓಮ್ ಬಹುತೇಕ ಸೊನ್ನೆಗಿಳಿಯುತ್ತದೆ. ಕೇಬಲ್ ತುಂಡಾದರೆ ಹರಿವೇ ನಿಂತು ಓಮ್ ಅನಂತಕ್ಕೇರುತ್ತದೆ. ಆಷಾಢದ ಮಳೆನೀರು ಟೊಳ್ಳಿನೊಳಗೆ ಇಳಿದರೆ ನಡುವೆ ಎಲ್ಲೋ ತೂಗಾಡುತ್ತದೆ. ಯಾವುದಾದರೂ ಸರಿ, ಬಾಗಿಲು ಕೆಳಗಿಳಿಯದು. ಮನುಷ್ಯ ಸಿಕ್ಕನೋ ಇಲಿ ಕಡಿಯಿತೋ ಎಂಬ ವಿಚಾರಣೆ ಆಮೇಲೆ.

ಹಳೆಯ ಬಡಾವಣೆಗಳಲ್ಲಿ ರಾತ್ರಿ ಗೂರ್ಖಾ ಸೀಟಿ ಊದುತ್ತ, ಕೋಲು ಕುಟ್ಟುತ್ತ ಬೀದಿ ಸುತ್ತುತ್ತಿದ್ದುದು ನೆನಪಿದೆಯೇ? ಆ ಸದ್ದು ಕಿವಿಗೆ ಬೀಳುತ್ತಿದ್ದರೆ ನಿದ್ದೆ. ಬಹಳ ಹೊತ್ತು ಕೇಳಿಸದಿದ್ದರೆ ಎಚ್ಚರ. ಸೇಫ್ಟಿ ಎಡ್ಜ್ ಕಾಲಿಂಗ್ ಬೆಲ್ ಅಲ್ಲ, ಗೂರ್ಖಾ. ರೈಲಿನವರು ಈ ಗುಟ್ಟನ್ನು ಬಹಳ ಹಿಂದೆಯೇ ಹಿಡಿದಿದ್ದರು. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ರೂಪಿಸಿದ ಸ್ವಯಂಚಾಲಿತ ಏರ್ ಬ್ರೇಕಿನಲ್ಲಿ ಕೊಳವೆಯ ಗಾಳಿಯ ಒತ್ತಡ ಬ್ರೇಕನ್ನು ಒತ್ತುವುದಿಲ್ಲ, ಸಡಿಲವಾಗಿ ಹಿಡಿದಿಡುತ್ತದೆ. ಕೊಳವೆ ಒಡೆದರೆ, ಬೋಗಿ ಕಳಚಿದರೆ, ಗಾಳಿ ಸೋರಿ ರೈಲು ತಾನಾಗಿ ನಿಲ್ಲುತ್ತದೆ. ನಾವು ಸರಪಳಿ ಎಳೆದಾಗ ಆಗುವುದೂ ಅದೇ ಸೋರಿಕೆ.

ರೆಸಿಸ್ಟರ್ ಒಂದೇ ದಾರಿಯೇನಲ್ಲ. ಕೆಲವು ಪಟ್ಟಿಗಳಲ್ಲಿ ರಬ್ಬರ್ ಕೊಳವೆಯ ಒಂದು ತುದಿಯಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಮಿಣಮಿಣ ಮಿಡಿಯುತ್ತಿರುತ್ತದೆ. ಕೊಳವೆ ಅಮುಕಿದರೆ ಬೆಳಕಿಗೆ ತಡೆ, ಮಿಡಿತ ನಿಂತರೆ ಬಾಗಿಲೂ ನಿಂತಿತು. ಇನ್ನು ಕೆಲವಕ್ಕೆ ಬರಿಯ ಗಾಳಿ ಸಾಕು. ಕೊಳವೆ ಅಮುಕಿದಾಗ ಒಳಗಿನ ಗಾಳಿ ತುದಿಯ ತೆಳು ಪೊರೆಯನ್ನು ನೂಕಿ ಸ್ವಿಚ್ ಅದುಮುತ್ತದೆ. ಇದು ಹುಟ್ಟಾ ಕಾಲಿಂಗ್ ಬೆಲ್ ಜಾತಿ, ಕೊಳವೆ ತೂತಾದರೆ ಸುಮ್ಮನಿದ್ದುಬಿಡುತ್ತದೆ. ಅದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ನನಗೆ ಬಲು ಇಷ್ಟ. ಬಾಗಿಲು ಪ್ರತಿಸಲ ನೆಲ ಮುಟ್ಟಿದಾಗ ಪಟ್ಟಿ ಹೇಗೂ ಅಮುಕುತ್ತದಲ್ಲ, ಆಗ ಗಾಳಿಯ ಗುದ್ದು ಬಂದೇ ಬರಬೇಕು. ಬಾರದಿದ್ದರೆ ಕೊಳವೆ ಕೆಟ್ಟಿದೆ ಎಂದು ಪ್ಯಾನೆಲ್ ತೀರ್ಮಾನಿಸುತ್ತದೆ. ಮುಚ್ಚಿದ ಬಾಗಿಲೇ ಪರೀಕ್ಷೆಯ ಕೋಣೆ.

ಆದರೆ ಮುಟ್ಟಿದ್ದು ತಿಳಿದ ಕ್ಷಣಕ್ಕೇ ಬಾಗಿಲು ನಿಲ್ಲುವುದಿಲ್ಲ. ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ಇಳಿಯುವ ಬಾಗಿಲು, ಪ್ಯಾನೆಲ್ ಯೋಚಿಸಿ ರಿಲೇ ಬಿಡುಗಡೆ ಮಾಡುವ ಹತ್ತನೇ ಒಂದು ಸೆಕೆಂಡಿನಲ್ಲಿ 2 ಸೆಂಟಿಮೀಟರ್ ಇಳಿದಿರುತ್ತದೆ; ಆಮೇಲೆ ಬ್ರೇಕ್ ಹಿಡಿಯುವವರೆಗೆ ಇನ್ನಷ್ಟು. ಆ ಅಂತರವನ್ನು ರಬ್ಬರು ತಾನು ಕುಗ್ಗಿ ನುಂಗಬೇಕು. ಪಟ್ಟಿ ಅಷ್ಟು ದಪ್ಪಗೆ, ಮೆತ್ತಗೆ ಇರುವುದು ಇದಕ್ಕೇ. ಎಲ್ಲಿಯವರೆಗೆ ಒತ್ತಬಹುದು ಎಂಬುದಕ್ಕೆ ಯುರೋಪಿನ ಇಎನ್ 12453 ಮಾನದಂಡ ಲೆಕ್ಕ ಇಟ್ಟಿದೆ: ಕಿರಿದಾದ ಸಂದಿಯಲ್ಲಿ ಹೆಚ್ಚೆಂದರೆ 400 ನ್ಯೂಟನ್, ಅದೂ ಮುಕ್ಕಾಲು ಸೆಕೆಂಡಿಗಿಂತ ಹೆಚ್ಚಲ್ಲ; ನಂತರ 150 ನ್ಯೂಟನ್ ಒಳಗೆ, 5 ಸೆಕೆಂಡು ಕಳೆಯುವುದರೊಳಗೆ 25ಕ್ಕಿಂತ ಕೆಳಗೆ. 400 ನ್ಯೂಟನ್ ಎಂದರೆ ಸುಮಾರು 40 ಕಿಲೋ ಭಾರ, ನಮ್ಮ ಸಿಮೆಂಟ್ ಮೂಟೆಗಿಂತ 10 ಕಿಲೋ ಕಡಿಮೆ. ಮುಕ್ಕಾಲು ಸೆಕೆಂಡು ಅಷ್ಟು ಭಾರ ಬಿದ್ದರೆ ನೋವಾಗುತ್ತದೆ, ನಿಜ. ಮೂಳೆ ಉಳಿಯಲಿ ಎಂಬುದಷ್ಟೇ ಆಸೆ.

ಯಂತ್ರದ ಮುಂದೆ ನೆಲಕ್ಕೆ ಹಾಸುವ ಸೇಫ್ಟಿ ಮ್ಯಾಟಿನಲ್ಲೂ ಇದೇ ಬಗೆಯ ಎರಡು ಪದರ, ಆದರೆ ಲೆಕ್ಕ ಬೇರೆ. ಇಲ್ಲಿ ನಡೆದುಬರುವುದು ಮನುಷ್ಯ. ಐಎಸ್‌ಒ 13855 ಮಾನದಂಡ ಅವನ ನಡಿಗೆಯನ್ನು ಸೆಕೆಂಡಿಗೆ 1,600 ಮಿಲಿಮೀಟರ್ ಎಂದು ಹಿಡಿದು, ಯಂತ್ರ ನಿಲ್ಲಲು ಬೇಕಾದ ಹೊತ್ತಿನಿಂದ ಗುಣಿಸಿ, ಹೆಜ್ಜೆಗೂ ಚಾಚಿದ ಕೈಗೂ ಎಂದು 1,200 ಮಿಲಿಮೀಟರ್ ಸೇರಿಸುತ್ತದೆ. ಯಂತ್ರ 0.3 ಸೆಕೆಂಡಿನಲ್ಲಿ ನಿಲ್ಲುವಂತಿದ್ದರೂ ಮ್ಯಾಟಿನ ಅಂಚು ಅಪಾಯದ ಜಾಗದಿಂದ 1,680 ಮಿಲಿಮೀಟರ್ ದೂರ ಇರಬೇಕು. ಒಬ್ಬ ಆಳು ಉದ್ದಕ್ಕೆ ಮಲಗುವಷ್ಟು.

ಅಮೆರಿಕದಲ್ಲಿ ಮನೆಯ ಗ್ಯಾರೇಜ್ ಬಾಗಿಲುಗಳಡಿ ಸಿಕ್ಕಿ ಮಕ್ಕಳು ಸತ್ತ ಮೇಲೆ 1990ರಲ್ಲಿ ಕಾನೂನು ಬಂತು. 1993ರಿಂದ ತಯಾರಾದ ಪ್ರತಿ ಮೋಟಾರು ಜೋಡಣೆಗೂ ಬೆಳಕಿನ ಕಣ್ಣೋ ಒತ್ತುವ ಪಟ್ಟಿಯೋ ಹೀಗೊಂದು ಹೆಚ್ಚುವರಿ ಕಾವಲು ಕಡ್ಡಾಯವಾಯಿತು. ಬೆಳಕಿನ ಕಣ್ಣು ನೆಲದಿಂದ 6 ಇಂಚಿಗಿಂತ ಮೇಲಿರಕೂಡದು, ತೆವಳುವ ಕೂಸೂ ಅದಕ್ಕೆ ಕಾಣಬೇಕು.

ನಮ್ಮಲ್ಲೊಂದು ಗೋದಾಮು, ಹೆಸರು ಬೇಡ. ಮಳೆಗಾಲದ ಮಧ್ಯಾಹ್ನ. ಬಾಗಿಲು ಏಳುತ್ತಿತ್ತು, ಇಳಿಯುತ್ತಿತ್ತು, ಯಾವ ತಕರಾರೂ ಇಲ್ಲ. ಕೆಳಗಿನ ರಬ್ಬರು ಮಾತ್ರ ಒಂದು ಕಡೆ ಹರಿದು ಜೋತಾಡುತ್ತಿತ್ತು. ಹರಿದಿದ್ದರೂ ಹೇಗೆ ಇಳಿಯುತ್ತಿದೆ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಿದೆ. “ಮಳೆ ಬಂದ್ರೆ ಬಾಗ್ಲು ಮುಚ್ಚೋದೇ ಇಲ್ಲ ಸಾರ್, ಲೋಡ್ ಎಲ್ಲಾ ನೆನೆಯುತ್ತೆ, ಮ್ಯಾನೇಜರ್ ಬಯ್ತಾರೆ. ಅದಕ್ಕೇ ಸದ್ಯಕ್ಕೆ ಒಂದು ಅಡ್ಜಸ್ಟ್‌ಮೆಂಟ್ ಮಾಡಿದೀನಿ” ಎಂದು ಪ್ಯಾನೆಲ್ಲಿನ ಮುಚ್ಚಳ ತೆಗೆದು ತೋರಿಸಿದ. ಬಾಗಿಲಿನಿಂದ ಬಂದ ಕೇಬಲ್ಲು ಕಪ್ಪು ಟೇಪು ಸುತ್ತಿಕೊಂಡು ಪಕ್ಕಕ್ಕೆ ನೇತಾಡುತ್ತಿತ್ತು. ಅದು ಇರಬೇಕಾಗಿದ್ದ ಎರಡು ಟರ್ಮಿನಲ್‌ಗಳ ನಡುವೆ, ನೀಟಾಗಿ ಸ್ಕ್ರೂ ಬಿಗಿದು, ಬೂದು, ಕೆಂಪು, ಕೆಂಪು. ಮೇಲೆ ಹಸಿರು ದೀಪ ಉರಿಯುತ್ತಿತ್ತು.