ಪರದೇಶದ ಕಚೇರಿಯಲ್ಲಿ ನಮ್ಮ ‘ನೋಡೋಣ’

ಬೆಂಗಳೂರಿನ ಕಚೇರಿಯೊಂದರಲ್ಲಿ ಮೇಲಧಿಕಾರಿಯು ತನ್ನ ಕೈಕೆಳಗಿನ ಎಂಜಿನಿಯರನ್ನು ಕರೆದು, “ಶುಕ್ರವಾರದೊಳಗೆ ಈ ಕೆಲಸ ಮುಗಿಯುವುದೆ?” ಎಂದು ಕೇಳುವನೆಂದು ಭಾವಿಸೋಣ. ಎಂಜಿನಿಯರನು ಒಂದು ಗಳಿಗೆ ಸುಮ್ಮನಿದ್ದು, ತಲೆಯನ್ನು ಅತ್ತಿತ್ತ ಓಲಿಸಿ, “ನೋಡೋಣ ಸಾರ್, ಪ್ರಯತ್ನ ಮಾಡುತ್ತೇವೆ” ಎನ್ನುವನು. ಶುಕ್ರವಾರಕ್ಕೆ ಕೆಲಸವಾಗದೆಂಬುದು ಮೇಲಧಿಕಾರಿಗೆ ಅಷ್ಟರಿಂದಲೇ ತಿಳಿದುಹೋಗುತ್ತದೆ. ಅದೇ ಎಂಜಿನಿಯರನು ನೆದರ್‌ಲೆಂಡ್ಸ್ ದೇಶದ ಐಂಡ್‌ಹೋವನ್ ನಗರಕ್ಕೆ ಹೋಗಿ, ಅಲ್ಲಿಯ ಡಚ್ ಮುಖ್ಯಸ್ಥನಿಗೆ ಅದೇ ಉತ್ತರವನ್ನು ಕೊಟ್ಟರೆ ಆಗುವುದೇ ಬೇರೆ. ಆ ಮುಖ್ಯಸ್ಥನು ಮೌನವನ್ನೂ ತಲೆಯ ಓಲಾಟವನ್ನೂ ಲೆಕ್ಕಕ್ಕೆ ಹಿಡಿಯದೆ, ಕೇಳಿದ ಶಬ್ದಗಳನ್ನಷ್ಟೇ ಒಪ್ಪಿಗೆಯೆಂದು ಬರೆದುಕೊಳ್ಳುವನು. ಶುಕ್ರವಾರ ಬಂದಾಗ ಒಬ್ಬನಿಗೆ ತಾನು ಮೋಸಹೋದೆನೆಂದೂ, ಇನ್ನೊಬ್ಬನಿಗೆ ತಾನು ಮೊದಲೇ ತಿಳಿಸಿದ್ದೆನೆಂದೂ ಅನ್ನಿಸುವುದು. ಇಬ್ಬರೂ ಸುಳ್ಳಾಡಿದವರಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞರಾದ ಎಡ್ವರ್ಡ್ ಹಾಲ್ ಅವರು 1950ರ ದಶಕದಲ್ಲಿ, ಪರದೇಶಗಳಿಗೆ ಹೊರಟ ತಮ್ಮ ದೇಶದ ಅಧಿಕಾರಿಗಳಿಗೆ ಶಿಕ್ಷಣ ಕೊಡುತ್ತಿದ್ದವರು. ಮಾತಿನ ಅರ್ಥದಲ್ಲಿ ಎಷ್ಟು ಪಾಲು ಶಬ್ದಗಳಲ್ಲಿರುವುದು, ಎಷ್ಟು ಪಾಲು ಸಂದರ್ಭದಲ್ಲಿ ಅಡಗಿರುವುದು ಎಂಬುದು ಸಮಾಜದಿಂದ ಸಮಾಜಕ್ಕೆ ಬೇರೆಯಾಗುವುದೆಂದು ಅವರು 1976ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ವಿವರಿಸಿದರು. ನಮ್ಮ ವಾಚಕರಿಗೆ ಇದು ಹೊಸದೇನೂ ಅಲ್ಲ. ನೆಂಟರು “ಬೇಡ, ಈಗತಾನೆ ಊಟವಾಯಿತು” ಎಂದರೂ ಎಲೆ ಹಾಕುವ ಗೃಹಿಣಿಯು ಓದುವುದು ಸಂದರ್ಭವನ್ನೇ. ಜರ್ಮನಿಯಲ್ಲಿಯೂ ಸ್ಕ್ಯಾಂಡಿನೇವಿಯದಲ್ಲಿಯೂ ಆ ನೆಂಟರು ಹಸಿದುಕೊಂಡೇ ಮನೆಗೆ ಹೋಗಬೇಕಾದೀತು!

ಆದರೆ ನಮ್ಮ ‘ನೋಡೋಣ’ದಲ್ಲಿ ಸಂದರ್ಭವಲ್ಲದೆ ಇನ್ನೊಂದು ಅಂಶವೂ ಸೇರಿದೆ. ಸಮವಯಸ್ಕ ಗೆಳೆಯನು ಇದೇ ಪ್ರಶ್ನೆಯನ್ನು ಕೇಳಿದ್ದರೆ ಆ ಎಂಜಿನಿಯರನು “ಆಗೋದಿಲ್ಲ ಕಣೋ” ಎಂದುಬಿಡುತ್ತಿದ್ದನು. ಮೇಲಿನವರೊಡನೆ ಮಾತನಾಡುವಾಗ ಮಾತು ಮೆತ್ತಗಾಗುತ್ತದೆ. ಈ ಅಂತಸ್ತಿನ ಅಂತರವನ್ನು ಅಳೆಯಲು ಯತ್ನಿಸಿದವರು ಡಚ್ ವಿದ್ವಾಂಸರಾದ ಗೇರ್ಟ್ ಹಾಫ್‌ಸ್ಟೆಡ್. 1967ರಿಂದ 1973ರವರೆಗೆ ಐ.ಬಿ.ಎಂ. ಸಂಸ್ಥೆಯ ಹಲವು ದೇಶಗಳ ನೌಕರರಿಂದ ಸಂಗ್ರಹಿಸಿದ 1,16,000 ಪ್ರಶ್ನಪತ್ರಿಕೆಗಳು ಅವರಿಗೆ ದೊರೆತುವು. ಸಂಸ್ಥೆಯೂ ಒಂದೇ, ಕೆಲಸವೂ ಒಂದೇ ಬಗೆಯದು. ಬೇರೆಯಾದುದು ಬಹುಮಟ್ಟಿಗೆ ದೇಶ ಮಾತ್ರ. ಮೇಲಧಿಕಾರಿಯ ಅಭಿಪ್ರಾಯಕ್ಕೆ ವಿರೋಧ ಸೂಚಿಸಲು ನೌಕರರು ಎಷ್ಟು ಸಲ ಅಂಜುವರು ಎಂಬುದು ಆ ಪ್ರಶ್ನೆಗಳಲ್ಲಿ ಒಂದು. ಉತ್ತರಗಳಿಂದ ಅವರು ‘ಅಧಿಕಾರದ ಅಂತರ’ವೆಂಬ ಸೂಚ್ಯಂಕವನ್ನು ಕಟ್ಟಿದರು. ಅದರಲ್ಲಿ ಆಸ್ಟ್ರಿಯಕ್ಕೆ 11, ಡೆನ್ಮಾರ್ಕಿಗೆ 18, ನೆದರ್‌ಲೆಂಡ್ಸಿಗೆ 38, ಅಮೆರಿಕಕ್ಕೆ 40, ಕೊಲಂಬಿಯಕ್ಕೆ 67, ಭಾರತಕ್ಕೆ 77, ಮಲೇಷ್ಯಕ್ಕೆ 104 ಅಂಕಗಳು ಬಂದಿರುವುವು.

ಒಂದೇ ಸಂಸ್ಥೆಯ ನೌಕರರಿಂದ ಇಡೀ ದೇಶವನ್ನು ಅಳೆಯಬಹುದೆ ಎಂದು ಆಕ್ಷೇಪಿಸಿದವರುಂಟು, ಆಕ್ಷೇಪವು ಯುಕ್ತವಾದುದೇ. ಅಲ್ಲದೆ ಇವು ಸರಾಸರಿಗಳು. ಎದುರಿಗೆ ಕುಳಿತ ಡಚ್ಚನೊಬ್ಬನ ಸ್ವಭಾವವನ್ನು 38 ಎಂಬ ಅಂಕಿಯಿಂದ ಊಹಿಸಹೊರಡುವುದು ಅವಿವೇಕ. ಆದರೂ ಅಂಕಿಗಳ ಹಿಂದಿರುವ ಸಂಗತಿ ಕಲ್ಪಿತವಲ್ಲ ಎಂಬುದಕ್ಕೆ ವಿಮಾನ ದುರಂತವೊಂದರ ದಾಖಲೆ ಸಾಕ್ಷಿಯಾಗಿದೆ.

1990ರ ಜನವರಿ 25ರಂದು ಕೊಲಂಬಿಯದ ಬೊಗೊಟಾ ನಗರದಿಂದ ಮೆಡೆಲಿನ್ ಮಾರ್ಗವಾಗಿ ಏವಿಯಾಂಕ ಸಂಸ್ಥೆಯ ಬೋಯಿಂಗ್ 707 ವಿಮಾನವೊಂದು 158 ಜನರನ್ನು ಹೊತ್ತು ನ್ಯೂಯಾರ್ಕಿಗೆ ಬರುತ್ತಿತ್ತು. ಅಲ್ಲಿ ಹವೆ ಕೆಟ್ಟಿದ್ದುದರಿಂದ ವಿಮಾನವನ್ನು ಮೂರು ಕಡೆಗಳಲ್ಲಿ ಒಟ್ಟು 77 ನಿಮಿಷಗಳ ಕಾಲ ಆಕಾಶದಲ್ಲಿಯೇ ಸುತ್ತು ಹಾಕಿಸಲಾಯಿತು. ಇಂಧನ ಮುಗಿಯುತ್ತ ಬಂದಿತು. ನೆಲದ ನಿಯಂತ್ರಕರೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದವನು ಸಹಚಾಲಕನು. ತಮಗೆ ‘ಆದ್ಯತೆ’ ಬೇಕಾದೀತೆಂದು ಅವನು ಕೇಳಿಕೊಂಡನು. ಇನ್ನು ಐದು ನಿಮಿಷ ಕಾಯಬಹುದೆಂದೂ, ಬದಲಿ ನಿಲ್ದಾಣವಾದ ಬಾಸ್ಟನ್ನಿಗೆ ಹೋಗಲು ಇಂಧನ ಸಾಲದೆಂದೂ ತಿಳಿಸಿದನು. ಆದರೆ ನಿಯಂತ್ರಕರು ಉಳಿದೆಲ್ಲ ವಿಮಾನಗಳನ್ನು ಬದಿಗೆ ಸರಿಸಿ ಒಂದನ್ನು ಒಳಕ್ಕೆ ತರಬೇಕಾದರೆ ‘ತುರ್ತುಸ್ಥಿತಿ’ ಎಂಬ ಶಬ್ದವು ಕಿವಿಗೆ ಬೀಳಬೇಕು. ಆ ಶಬ್ದ ಬೀಳಲಿಲ್ಲ.

ಮೊದಲನೆಯ ಸಲ ಇಳಿಯುವ ಪ್ರಯತ್ನವು ಗಾಳಿಯ ಹೊಡೆತದಿಂದ ವಿಫಲವಾಯಿತು. ತುರ್ತುಸ್ಥಿತಿಯಲ್ಲಿದ್ದೇವೆಂದು ತಿಳಿಸು ಎಂದು ನಾಯಕನು ಸ್ಪ್ಯಾನಿಷ್ ಭಾಷೆಯಲ್ಲಿ ಆಜ್ಞೆ ಮಾಡಿದನು. ಸಹಚಾಲಕನು ನಿಯಂತ್ರಕರು ಹೇಳಿದ ದಿಕ್ಕನ್ನು ಮೊದಲು ಒಪ್ಪಿಕೊಂಡು, ಮತ್ತೊಮ್ಮೆ ಪ್ರಯತ್ನಿಸುವೆವೆಂದೂ, ಇಂಧನ ಮುಗಿಯುತ್ತಿದೆಯೆಂದೂ ಮಾತಿನ ಕೊನೆಗೆ ಸೇರಿಸಿದನು. ತಿಳಿಸಿದೆಯಾ ಎಂದು ನಾಯಕನು ಕೇಳಲು, ಆಗಲೇ ತಿಳಿಸಿದೆನೆಂದನು. ಸ್ವಲ್ಪ ಹೊತ್ತಿಗೆ ನಿಯಂತ್ರಕರು, ಹದಿನೈದು ಮೈಲಿ ಈಶಾನ್ಯಕ್ಕೆ ಕೊಂಡೊಯ್ದು ಹಿಂದಕ್ಕೆ ತಿರುಗಿಸುವೆವು, ನಿಮ್ಮ ಇಂಧನಕ್ಕೆ ಅದು ಸರಿಯೆ ಎಂದು ಕೇಳಿದರು. ಸರಿಯಾದೀತೆಂದು ತೋರುತ್ತದೆ, ವಂದನೆಗಳು ಎಂದು ಉತ್ತರ ಹೋಯಿತು. ನಮ್ಮ ‘ನೋಡೋಣ ಸಾರ್’ ಇಲ್ಲಿ ಕೇಳಿಸುವುದಿಲ್ಲವೆ? ನಾಲ್ಕು ಎಂಜಿನುಗಳೂ ನಿಂತು ವಿಮಾನವು ಲಾಂಗ್ ಐಲೆಂಡಿನ ಗುಡ್ಡವೊಂದಕ್ಕೆ ಅಪ್ಪಳಿಸಿ 73 ಜನರು ಸತ್ತರು. ತೊಟ್ಟಿಗಳಲ್ಲಿ ಉರಿಯಲು ಇಂಧನವೇ ಇಲ್ಲದುದರಿಂದ ಬೆಂಕಿ ಹೊತ್ತಲಿಲ್ಲ. 85 ಜನರು ಉಳಿದರು.

ಇಂಧನವನ್ನು ಸರಿಯಾಗಿ ನಿರ್ವಹಿಸದೆ, ತುರ್ತುಸ್ಥಿತಿಯನ್ನು ಸಾರದೆ ಹೋದುದೇ ದುರಂತಕ್ಕೆ ಕಾರಣವೆಂದು ಅಮೆರಿಕದ ತನಿಖಾ ಮಂಡಲಿಯು ತೀರ್ಮಾನಿಸಿತು. ಎರಡು ದೇಶಗಳ ಮಾತಿನ ರೀತಿಗಳಿಗಿರುವ ಭೇದವೂ ಇದರಲ್ಲಿ ಸೇರಿತ್ತೆಂದು ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಹೆಲ್ಮ್‌ರೈಕ್ 1994ರಲ್ಲಿ ವಾದಿಸಿದರು. ಹಾಗೆಂದು ಇದನ್ನು ಕೊಲಂಬಿಯದ ದೋಷವೆಂದು ತಳ್ಳಿಬಿಡುವಂತಿಲ್ಲ. 1982ರ ಜನವರಿ 13ರಂದು ವಾಷಿಂಗ್ಟನ್ನಿನಲ್ಲಿ ಹಿಮಗಟ್ಟಿದ ರೆಕ್ಕೆಗಳಿಂದ ಮೇಲೆದ್ದು ಸೇತುವೆಗೆ ಬಡಿದ ವಿಮಾನದಲ್ಲಿ ಸಹಚಾಲಕನು ಅಮೆರಿಕದವನು. ಮಾಪಕಗಳು ಸರಿಯಿಲ್ಲವೆಂದು ಅವನು ಮತ್ತೆ ಮತ್ತೆ ಸೂಚಿಸಿದನೇ ಹೊರತು ‘ನಿಲ್ಲಿಸು’ ಎನ್ನಲಿಲ್ಲ. ಭಾಷಾವಿಜ್ಞಾನಿ ಷಾರ್ಲಟ್ ಲಿಂಡೆ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕೆಳಗಿನವರು ಮೇಲಿನವರಿಗೆ ಮೆತ್ತಗೆ ಹೇಳಿದ ಸಲಹೆಗಳು ನೇರವಾಗಿ ಹೇಳಿದವುಗಳಿಗಿಂತ ಹೆಚ್ಚಾಗಿ ವಿಫಲವಾಗುವುವು. ಎಲ್ಲೆಡೆಯೂ ಇರುವ ಸಂಕೋಚವೇ ಇದು. ದೇಶದಿಂದ ದೇಶಕ್ಕೆ ಪ್ರಮಾಣ ಬದಲಾಗುತ್ತದೆ.

ನಾಯಕತ್ವದ ಕಡೆಯಿಂದ ನೋಡಿದರೂ ತೊಡಕು ಕಡಮೆಯಲ್ಲ. ಡೆನ್ಮಾರ್ಕಿನ ಮುಖ್ಯಸ್ಥನು ಬೆಂಗಳೂರಿಗೆ ಬಂದು, “ನಿಮಗೆ ಏನು ತೋರುತ್ತದೆ?” ಎಂದು ಕಿರಿಯರನ್ನು ಕೇಳಿದರೆ, ಇವನಿಗೇ ದಾರಿ ತಿಳಿಯದೆಂದು ಕೆಲವರಾದರೂ ಭಾವಿಸುವರು. ನಮ್ಮವನು ಅಲ್ಲಿ ಮುಖ್ಯಸ್ಥನಾಗಿ ಹೋಗಿ ದಿನಕ್ಕೆರಡು ಸಲ ಕೆಲಸ ವಿಚಾರಿಸಿದರೆ, ಇಲ್ಲಿ ಅಕ್ಕರೆಯಾಗಿ ತೋರುವುದು ಅಲ್ಲಿ ಅಪನಂಬಿಕೆಯಾಗಿ ತೋರುವುದು. ಜಪಾನಿನ ರೀತಿ ಮತ್ತೊಂದು. ಅಲ್ಲಿ ಅಂತಸ್ತಿನ ಮರ್ಯಾದೆ ಬಲವಾಗಿದ್ದರೂ, ಪ್ರಸ್ತಾವದ ಪತ್ರವು ಕೆಳಗಿನಿಂದ ಹೊರಟು ಒಬ್ಬೊಬ್ಬರ ಮುದ್ರೆ ಪಡೆಯುತ್ತ ಮೇಲೇರುವ ‘ರಿಂಗಿ’ ಎಂಬ ಪದ್ಧತಿಯುಂಟು. ಸಭೆಗೆ ಮೊದಲೇ ಎಲ್ಲರನ್ನೂ ಕಂಡು ಒಪ್ಪಿಸುವುದಕ್ಕೆ ‘ನೆಮಾವಾಶಿ’ ಎಂದು ಹೆಸರು. ಮರವನ್ನು ಕಿತ್ತು ಬೇರೆಡೆ ನೆಡುವ ಮುನ್ನ ಬೇರಿನ ಸುತ್ತ ಅಗೆಯುವ ತೋಟಗಾರರ ಮಾತದು. ಇದನ್ನರಿಯದೆ ಸಭೆಯಲ್ಲಿಯೇ ಹೊಸ ವಾದ ಹೂಡಿದ ಪರದೇಶೀಯನು ಎದುರಿನವರಿಂದ ಪಡೆಯುವುದು ಮೌನವನ್ನು.

ಇಂಥ ರೀತಿಗಳು ಬದಲಾಗಲಾರವೆಂದು ಭಾವಿಸಬೇಕಾಗಿಲ್ಲ. 1997ರ ಆಗಸ್ಟ್ 6ರಂದು ಗುವಾಮ್ ದ್ವೀಪದಲ್ಲಿ ಕೊರಿಯನ್ ಏರ್ ಸಂಸ್ಥೆಯ ವಿಮಾನವು ಬಿದ್ದು 228 ಜನರು ಸತ್ತರು. ನಾಯಕನ ತಪ್ಪುಗಳೊಡನೆ, ಉಳಿದಿಬ್ಬರು ಅವನ ನಡೆಯನ್ನು ಪರಿಶೀಲಿಸಿ ತಡೆಯದೆ ಹೋದುದನ್ನೂ ತನಿಖೆಯು ಎತ್ತಿ ತೋರಿಸಿತು. ಕೊರಿಯದ ಭಾಷೆಯಲ್ಲಿ ಎದುರಿನವರ ಅಂತಸ್ತಿಗೆ ತಕ್ಕಂತೆ ಕ್ರಿಯಾಪದದ ಅಂತ್ಯವೇ ಬದಲಾಗುವುದು; ‘ನೀನು’, ‘ನೀವು’, ‘ತಾವು’ಗಳನ್ನು ಬಲ್ಲ ನಮಗೆ ಅದರ ಭಾರವನ್ನು ಯಾರೂ ವಿವರಿಸಬೇಕಾದುದಿಲ್ಲ. 2000ದಲ್ಲಿ ಅಮೆರಿಕದ ಡೆಲ್ಟಾ ಸಂಸ್ಥೆಯಿಂದ ಬಂದ ಡೇವಿಡ್ ಗ್ರೀನ್‌ಬರ್ಗ್ ಅವರು ಹಾರಾಟದ ವಿಭಾಗವನ್ನು ವಹಿಸಿಕೊಂಡು, ಚಾಲಕರಿಗೆ ಇಂಗ್ಲಿಷಿನಲ್ಲಿ ಹೆಚ್ಚಿನ ತರಬೇತಿ ಕೊಡಿಸಿದರು. ಫಲದಲ್ಲಿ ಭಾಷೆಯ ಪಾಲೆಷ್ಟು, ಉಳಿದ ಸುಧಾರಣೆಗಳ ಪಾಲೆಷ್ಟು ಎಂಬುದರಲ್ಲಿ ಒಮ್ಮತವಿಲ್ಲ. ಚಾಲಕರು ಮಾತ್ರ ಬಹುಪಾಲು ಕೊರಿಯದವರೇ ಆಗಿದ್ದರು. 1999ರ ಅನಂತರದ ಎರಡು ದಶಕಗಳಲ್ಲಿ ಆ ಸಂಸ್ಥೆಯ ವಿಮಾನ ಅಪಘಾತದಲ್ಲಿ ಒಬ್ಬ ಪ್ರಯಾಣಿಕನೂ ಸಾಯಲಿಲ್ಲ.